ಗಟ್ಟಿಯಾಗದ ಪಿಷ್ಟ

"ಹಾಲು ಒಡೆದಿರಲಿಲ್ಲ, ರಾದೋಮಿರ್! ಕೆಟ್ಟಿರೋದು ನಿನ್ನ ತಲೆ!"

ಲ್ಯುಬಿಂಕಾ ಸೌಟನ್ನು ಅಡುಗೆಕಟ್ಟೆಯ ಮೇಲೆ ಕುಕ್ಕಿದರು. ಎದುರಿಗೆ ಮನೆತನವನ್ನು ಕಾಯುವ ಸಂತನ ವಾರ್ಷಿಕ ಹಬ್ಬಕ್ಕೆಂದು ಮಾಡಿದ ಮೂರು ಪದರದ ಕೇಕು. ನಡುವಿನ ಹಾಲಿನ ಕ್ರೀಮು ಗಂಜಿಯಂತೆ ತಟ್ಟೆಗೆ ಹರಿದು, ಮೇಲಿನ ಪದರ ಕುಡುಕನ ಟೋಪಿಯ ಹಾಗೆ ಪಕ್ಕಕ್ಕೆ ಜಾರಿತ್ತು. ಪ್ರೊಫೆಸರ್ ರಾದೋಮಿರ್ ಬಾಗಿಲು ಮುಂದಕ್ಕೆಳೆದರು. ಪಡಸಾಲೆಯಲ್ಲಿ ನೆಂಟರ ಜೊತೆ ಪುಡಿಂಗ್ ಕಾರ್ಖಾನೆಯ ಮಾಲೀಕ ಬೊಗೊಸಾವ್ ಕೂತಿದ್ದ.

"ಮೆಲ್ಲಗೆ ಮಾತಾಡೇ. ನಾನು ಲ್ಯಾಬಲ್ಲಿ ಮಾಡಿದ ಪಿಷ್ಟ ಕೊಂಡುಕೊಳ್ಳೋಕೆ ಬಂದಿದಾನೆ ಅವನು. ಹಾಲು ಕೆಟ್ಟಿತ್ತು ಅಂದ್ಬಿಡು, ಮುಗೀತು."

"ಮುಗೀತಾ? ಮದುವೆಯಾಗಿ ಬಂದಾಗಿಂದ ಈ ಹಬ್ಬಕ್ಕೆ ಕೇಕು ಮಾಡೋಳು ನಾನು. ಒಂದು ಸಲ ಜಾರಿತ್ತಾ? ಕೆಟ್ಟ ಹಾಲು ಬಡಿಸಿದಳು ಅಂತ ನಿನ್ನ ಅಕ್ಕಂದಿರು ನಾನು ಸಾಯೋವರೆಗೂ ಆಡ್ಕೋತಾರೆ. ಕ್ರೀಮು ಗಟ್ಟಿ ಮಾಡೋ ನನ್ನ ಡಬ್ಬಿಯ ಹಿಟ್ಟು ಚೆಲ್ಲಿ ನಿನ್ನ ಲ್ಯಾಬಿನ ಪುಡಿ ತುಂಬಿದ್ದು ಯಾರು?"

ಮೂಲೆಯಲ್ಲಿ ಝೊರಾನಾ ತಲೆ ಎತ್ತದೆ ತಟ್ಟೆ ತೊಳೆಯುತ್ತಿದ್ದಳು. ಪ್ರೊಫೆಸರರ ಕೈಕೆಳಗೆ ಡಾಕ್ಟರೇಟ್ ಮಾಡುವವರಿಗೆ ಹಬ್ಬದ ದಿನ ಈ ಕೆಲಸ ಇದ್ದದ್ದೇ. ಅವಳ ಪ್ರಬಂಧಕ್ಕೆ ಇನ್ನು ಬೇಕಾಗಿದ್ದದ್ದು ಅವರ ಸಹಿ ಮಾತ್ರ. ಆ ಮೆಕ್ಕೆಜೋಳದ ಪಿಷ್ಟವನ್ನು ಮೈಕ್ರೋವೇವ್ ಒಲೆಯಲ್ಲಿಟ್ಟು ತೆಗೆದವಳೂ ಅವಳೇ. ಒಲೆಯ ಅಲೆಗಳು ಕಣದೊಳಗಿನ ನೀರನ್ನೇ ಕುಣಿಸುತ್ತವೆ. ಹೊರಗಿನಿಂದ ಕಣ ಮೊದಲಿನ ಹಾಗೆಯೇ ಕಾಣುತ್ತದೆ, ಒಳಗಿನ ಜೋಡಣೆ ಬದಲಾಗಿರುತ್ತದೆ. ಆಮೇಲೆ ಎಷ್ಟು ಕುದಿಸಿದರೂ ಅದು ಮೊದಲಿನಷ್ಟು ನೀರು ಹೀರದು, ಉಬ್ಬದು, ಗಟ್ಟಿಯಾಗದು. ಬೇಸಿಗೆಯಲ್ಲೇ ಅವಳು ಇದನ್ನು ಹೇಳಿದ್ದಳು. ಪ್ರೊಫೆಸರ್ "ಮತ್ತೆ ಅಳೆ" ಅಂದರು. ಅಳೆದಳು. "ಇನ್ನೊಮ್ಮೆ ಅಳೆ" ಅಂದರು. ಕೊನೆಗೆ ಪಿಷ್ಟ ಪಾತ್ರೆಯಲ್ಲಂತೂ ಗಟ್ಟಿಯಾಗಲಿಲ್ಲ, ವರದಿಯಲ್ಲಿ ಗಟ್ಟಿಯಾಯಿತು.

"ಏ ಹುಡುಗಿ, ನೀನೇ ಹೇಳು," ಲ್ಯುಬಿಂಕಾ ಅವಳ ಕಡೆ ತಿರುಗಿದರು. "ಬೆಳಿಗ್ಗೆ ಅದೇ ಹಾಲು ಲೋಟದ ತುಂಬ ಕುಡಿದೆಯಲ್ಲ. ಕೆಟ್ಟಿತ್ತಾ?"

ಝೊರಾನಾ ಪ್ರೊಫೆಸರರ ಮುಖ ನೋಡಿದಳು. ಅವರು ಛಾವಣಿ ನೋಡುತ್ತಿದ್ದರು.

"ಹಾಲೂ ಒಂದು ಕಾರಣ ಇರಬಹುದು ಅಮ್ಮಾ... ಇನ್ನೂ ಹೆಚ್ಚಿನ ಅಧ್ಯಯನ ಆಗಬೇಕು."

"ಭೇಷ್! ನೀನು ಬೇಗ ಪ್ರೊಫೆಸರ್ ಆಗ್ತೀಯ ಬಿಡು."

ಲ್ಯುಬಿಂಕಾ ಏಪ್ರನ್ ಬಿಚ್ಚಿ ಕೇಕಿನ ಮೇಲೇ ಎಸೆದರು. ಒಳಕೋಣೆಗೆ ಹೋಗಿ, ಕೋಟು ಹಾಕಿಕೊಂಡು, ದೊಡ್ಡ ಚೀಲದೊಂದಿಗೆ ಹಿಂಬಾಗಿಲಿನಿಂದ ಹೊರಟೇಬಿಟ್ಟರು.

"ಗಾಳಿ ಕುಡಿದು ಬರ್ತಾಳೆ," ಅಂದರು ಪ್ರೊಫೆಸರ್. ಏಪ್ರನ್ ಎತ್ತಿ, ಕ್ರೀಮನ್ನು ಚಮಚದಿಂದ ಸವರಿ ಕೇಕನ್ನು ಪಡಸಾಲೆಗೆ ಒಯ್ದರು. "ಕ್ಷಮಿಸಿ, ನಮ್ಮವಳ ಹಾಲು ಕೈಕೊಡ್ತು! ಪಿಷ್ಟ ಪಾಪ ಏನು ಮಾಡೀತು?"

"ಅಯ್ಯೋ ಲ್ಯುಬಿಂಕಾ!" ಅಂದರು ಅಕ್ಕಂದಿರು ಒಟ್ಟಿಗೆ, ಬಹಳ ಸಂತೋಷದಿಂದ.

"ಸರಿಯಾದ ಹಾಲಿಗೆ ಹಾಕಿದ್ರೆ ಕಲ್ಲಿನ ಹಾಗೆ ಗಟ್ಟಿಯಾಗುತ್ತೆ ಅನ್ನಿ," ಅಂದ ಬೊಗೊಸಾವ್, ತಟ್ಟೆಯನ್ನು ತುಟಿಗಿಟ್ಟು ಕೇಕು ಕುಡಿಯುತ್ತ. "ಎಲ್ಲಿ, ನಿಮ್ಮಾಕೆ ಎಲ್ಲಿ? ಕಾಫಿ ಬರಲಿ."

ಅಕ್ಕಂದಿರೂ ಬಾಗಿಲ ಕಡೆ ಕತ್ತು ಚಾಚಿದರು. ಸಂತನ ಹಬ್ಬದ ದಿನ ಮನೆಯ ಯಜಮಾನ ಕೂರುವಂತಿಲ್ಲ, ಅತಿಥಿಗಳನ್ನು ಬಿಟ್ಟು ಮನೆಯ ಹೊಸಿಲು ದಾಟುವಂತಿಲ್ಲ. ಪ್ರೊಫೆಸರ್ ಬ್ರಾಂದಿಯ ಶೀಶೆ ಹಿಡಿದು ನಿಂತಲ್ಲೇ ಬೆವರಿದರು. ಅಡುಗೆಮನೆಯ ಕಡೆ ಬಗ್ಗಿ ಪಿಸುಗುಟ್ಟಿದರು.

"ಝೊರಾನಾ, ಕಿಟಕಿಯಿಂದ ನೋಡು. ಬರ್ತಿದಾಳಾ?"

ಝೊರಾನಾ ನೋಡಿದಳು. ರಸ್ತೆಯಾಚೆ ಲ್ಯುಬಿಂಕಾ ತವರೂರಿನ ಬಸ್ಸು ಹತ್ತಿದರು. ಬಾಗಿಲು ಮುಚ್ಚಿತು. ಬಸ್ಸು ತಿರುವು ದಾಟಿ ಮರೆಯಾಯಿತು.

"ಬರ್ತಿದಾರೆ ಪ್ರೊಫೆಸರೇ," ಅಂದಳು ಝೊರಾನಾ. "ಬಂದೇಬಿಟ್ರು."