ಹಳದಿ ಪರದೆಯಾಚೆಯ ನಾಡಿ

ಚಿನ್ನದ ಬೋಗುಣಿಯೊಳಗೆ ಕಿರುಬೆರಳು ಅದ್ದಿ ರಾಜವೈದ್ಯ ಬಿಯಾನ್ ನಾಲಿಗೆಗೆ ತಾಗಿಸಿಕೊಂಡ. ಹಿಂದೆ ನಿಂತ ಮಂತ್ರಿಗಳು ಮೂಗು ಮುಚ್ಚಿಕೊಂಡರು. ಥೂ, ಈಗಷ್ಟೇ ಇದೇ ಬೋಗುಣಿಗೆ ಅಡ್ಡಬಿದ್ದ ಮೂಗುಗಳು.

ಒಂಬತ್ತು ತಿಂಗಳ ಚಕ್ರವರ್ತಿಯ ಮುಖವನ್ನು ಹೊರಗಿನ ಗಂಡಸರು ನೋಡುವಂತಿಲ್ಲ. ಮಲದ ರುಚಿ, ಪರದೆಯಾಚೆಯಿಂದ ಬರುವ ರೇಷ್ಮೆ ದಾರದಲ್ಲಿ ನಾಡಿಯ ಮಿಡಿತ, ವೈದ್ಯನಿಗೆ ಸಿಗುವುದು ಇಷ್ಟೇ. ಅಷ್ಟರಲ್ಲೇ ರೋಗ ಹಿಡಿಯಬೇಕು. ಕೂಸಿಗೆ ಹೆಚ್ಚುಕಮ್ಮಿಯಾದರೆ ಬಿಯಾನನ ತಲೆ ಹೋಗುತ್ತದೆ, ಜೊತೆಗೆ ಅವನ ಇಬ್ಬರು ಗಂಡುಮಕ್ಕಳದೂ.

"ಇದೇನವ್ವ, ಮಾಂಸದ ನಾತ?"

ಪರದೆಯ ಅಂಚಿನಲ್ಲಿದ್ದ ಶೂ ಎಂಬ ದಾದಿ ತಲೆ ಎತ್ತಲಿಲ್ಲ. "ಎದೆಹಾಲು ಮುಟ್ಟಲ್ಲ, ವೈದ್ಯರೇ. ಬಟ್ಟಲಲ್ಲಿ ಸಾರು ಇಟ್ರೆ ಒಂದು ಹನಿ ಬಿಡಲ್ಲ. ಅಳೋದೂ ನಿಂತಿದೆ."

ಪಕ್ಕದಲ್ಲಿ ರಾಜಮಾತೆ ಬಿಳಿ ಶೋಕವಸ್ತ್ರ ಉಟ್ಟು ಕೂತಿದ್ದಳು. ಗಂಡ ಸತ್ತಾಗಲೂ ಇಷ್ಟು ಅತ್ತವಳಲ್ಲ. ಈಗಿನ ಅಳು ಅಂಗಿಯ ಅಗಲ ತೋಳಿನೊಳಗಿಟ್ಟು ಸಾಕಿದ್ದ, ಎಂದೂ ಬೊಗಳದ ಪುಟ್ಟ ನಾಯಿಗಾಗಿ. ಹತ್ತು ದಿನದ ಹಿಂದೆ ಅದು ಸತ್ತಿತೆಂದು ಗಂಧದ ಶವಪೆಟ್ಟಿಗೆ ಮಾಡಿಸಿ ಹಿಂಬಾಗಿಲಿಂದ ಹೊರಿಸಿದ್ದಳು. ಊರ ಜನ ಹೊಟ್ಟೆಗಿಲ್ಲದೆ ಸಾಯುತ್ತಿರುವಾಗ ನಾಯಿಗೆ ಧೂಪದೀಪ. ಆ ಪೆಟ್ಟಿಗೆ ನೆನೆದರೆ ಬಿಯಾನನಿಗೆ ಈ ಬೋಗುಣಿಗಿಂತ ಹೆಚ್ಚು ಹೇಸಿಗೆ. ಏನು ಮಾಡುವುದು, ಕೂಸು ಇರುವ ತನಕ ರಾಜ್ಯ ಅವಳದೇ.

ಮತ್ತೆ ಬೋಗುಣಿಗೆ ಅದ್ದಿದ ಬೆರಳಿಗೆ ಏನೋ ಚುಚ್ಚಿತು. ಎಲುಬಿನ ಚೂರು. ಇನ್ನೂ ಸರಿಯಾಗಿ ಹಲ್ಲು ಮೂಡದ ಕೂಸಿನ ಹೊಟ್ಟೆಯಲ್ಲಿ ಎಲುಬು.

ಯಾರೋ ಮಗುವನ್ನು ಮುಗಿಸಲು ನೋಡುತ್ತಿದ್ದಾರೆ. ಬಿಯಾನ್ ದಾರ ಹಿಡಿದ. ನಾಡಿ ದಡದಡ ಓಡುತ್ತಿತ್ತು.

"ತಾಯಿ, ಪ್ರಭುಗಳನ್ನ ಕಣ್ಣಾರೆ ನೋಡ್ಬೇಕು."

"ನೋಡಿದವರು ಬಾಯಿ ಮುಚ್ಕೊಂಡು ಬಾಳ್ಬೇಕಾಗತ್ತೆ," ರಾಜಮಾತೆ ಅವನಿಗಷ್ಟೇ ಕೇಳುವಂತೆ ಹೇಳಿದಳು. "ನಿನಗೆ ಮಕ್ಕಳು ಎಷ್ಟು?"

"ಇಬ್ಬರು, ತಾಯಿ."

"ಹಾಗಾದ್ರೆ ನೋಡು."

ಬಿಯಾನ್ ಮೊಣಕಾಲಿನ ಮೇಲೆ ತೆವಳಿ, ಪರದೆಯನ್ನು ಗೇಣಗಲ ಸರಿಸಿ ಒಳಗೆ ತಲೆ ಹಾಕಿದ. ಹಿಂದಕ್ಕೆ ಬಂದವನು ಪರದೆ ಬಿಗಿಯಾಗಿ ಎಳೆದು, ಬಾಯನ್ನು ತೋಳಿನಿಂದ ಒರೆಸಿಕೊಂಡ, ಮತ್ತೆ ಮತ್ತೆ ಒರೆಸಿಕೊಂಡ.

"ಹೇಗಿದ್ದಾರಪ್ಪಾ ಪ್ರಭುಗಳು?" ಹಿರಿಯ ಮಂತ್ರಿ ಕೇಳಿದ.

"ಗುಂಡುಕಲ್ಲಿನ ಹಾಗಿದ್ದಾರೆ."

ಮಂತ್ರಿಗಳೆಲ್ಲ ಪರದೆಗೆ ಉದ್ದಂಡ ಅಡ್ಡಬಿದ್ದರು.

ಒಳಗೆ ಹಳದಿ ದಿಂಬಿನ ಮೇಲೆ, ಮುಂಗಾಲಿಗೆ ರೇಷ್ಮೆ ದಾರ ಕಟ್ಟಿಸಿಕೊಂಡು, ಹತ್ತು ದಿನದ ಹಿಂದೆ ಗಂಧದ ಪೆಟ್ಟಿಗೆಯಲ್ಲಿ ಹೋಯಿತೆಂದು ಎಲ್ಲರೂ ನಂಬಿದ್ದ ನಾಯಿ ಬಾಲ ಅಲ್ಲಾಡಿಸಿತು.