ಧಣಿಯ ದನಿ

"ನನ್ನ ಮಿಮಿಕ್ರಿ ಮಾಡ್ತೀಯಂತಲ್ಲ. ಎಲ್ಲಿ, ಮಾಡು ನೋಡೋಣ."

ಹೆಸರಾಂತ ಕಲಾವಿದರು ಹಾಗಂದಾಗ, ಅವರ ಸ್ಟುಡಿಯೋದಲ್ಲಿ ಬಣ್ಣ ಕಲಸುವವನ ಕೈಯಿಂದ ಬ್ರಷ್ಷು ಜಾರಿತು. ಊಟದ ಹೊತ್ತಿಗೆ ನಾಲ್ಕು ಜನರನ್ನು ನಗಿಸಲು ಮಾಡಿದ್ದನ್ನು ಯಾರೋ ಒಳಗೆ ಮುಟ್ಟಿಸಿದ್ದರು. ಕೆಲಸ ಹೋಯಿತು ಅಂದುಕೊಂಡೇ ಎರಡು ಸಲ ಗಂಟಲು ಸರಿಮಾಡಿಕೊಂಡು, ಮೂಗಿನಲ್ಲಿ ಉಸಿರೆಳೆದು, "ಕಲೆ ಅಂದ್ರೆ ತಪಸ್ಸು ಕಣಯ್ಯಾ" ಅಂದ.

ಕಲಾವಿದರು ಬೈಯಲಿಲ್ಲ. ತಮ್ಮ ಫೋನನ್ನು ಅವನ ಮುಂದಕ್ಕೆ ತಳ್ಳಿದರು.

"ಇನ್ಮೇಲೆ ನಂದು ಮೌನದ ಸರಣಿ. ಬಿಳಿ ಕ್ಯಾನ್ವಾಸು, ನಡುವೆ ಒಂದು ಚುಕ್ಕೆ. ಚುಕ್ಕೆ ಇಡೋಕೆ ಇಷ್ಟು ಜನ ಯಾಕೆ? ಮೋಡಣ್ಣಂಗೂ ಅಕ್ಕಂಗೂ ನಾಳೆಯಿಂದ ಬರಬೇಡಿ ಅಂತ ಹೇಳಿಬಿಡು. ನನ್ನ ದನೀಲಿ."

"ನೀವೇ ಹೇಳಿದ್ರೆ ಸರ್..."

"ಅಂಥದ್ದೆಲ್ಲ ನಂಗಾಗಲ್ಲಪ್ಪ. ನಂದು ಮೆತ್ತಗಿನ ಮನಸ್ಸು."

"ಮತ್ತೆ... ನಾನು ಸರ್?"

"ಮೊದಲು ಫೋನ್ ಮಾಡು. ಸ್ಪೀಕರ್ ಹಾಕು."

ಕಲಾವಿದರ ಚಿತ್ರಗಳಲ್ಲಿ ಆಕಾಶವೆಲ್ಲ ಮೋಡಣ್ಣನದು, ಗಿಡಮರದ ಒಂದೊಂದು ಎಲೆಯೂ ಅಕ್ಕನದು. ಮೂಲೆಯ ಸಹಿ ಮಾತ್ರ ಕಲಾವಿದರ ಸ್ವಂತ ಕೈಕೆಲಸ. ಅವನು ಕಲಾವಿದರ ದನಿಯಲ್ಲಿ ಹೇಳಿದ್ದನ್ನೆಲ್ಲ ಮೋಡಣ್ಣ ಕೇಳಿಸಿಕೊಂಡು, "ನಿಮ್ಮ ಆಕಾಶ, ನಿಮ್ಮಿಷ್ಟ ಸರ್" ಎಂದು ಫೋನಿಟ್ಟ.

ಆಮೇಲೆ ಅಕ್ಕನಿಗೂ ಅದೇ ದನಿಯಲ್ಲಿ ಅದೇ ಮಾತು ಹೇಳಿದ.

"ಆಗ್ಲಿ ಸರ್. ಕಣ್ಣೂ ಮಂಜಾಗಿತ್ತು, ಇವತ್ತಲ್ಲ ನಾಳೆ ನಾನೇ ಹೇಳ್ಬೇಕಿತ್ತು. ಒಂದು ಮಾತು ನಡೆಸಿಕೊಡಿ. ನಮ್ಮ ಬಣ್ಣ ಕಲಸೋ ಪುಣ್ಯಾತ್ಮ ನಿಮ್ಮ ಹಾಗೆ ಮಾತಾಡಿ ತೋರಿಸ್ತಾನೆ ಅಂತ ನಿಮ್ಮ ಕಿವಿಗೆ ಬಿದ್ದಿರಬಹುದು. ತಪ್ಪು ಅವಂದಲ್ಲ. ಮಾಡು ಮಾಡು ಅಂತ ನಾವೇ ಗಂಟುಬೀಳ್ತಿದ್ವಿ. ಅಷ್ಟಕ್ಕೆ ಅವನನ್ನ ತೆಗೀಬೇಡಿ. ಹೆಂಡ್ತಿ ತುಂಬಿದ ಬಸುರಿ."

ಬಣ್ಣ ಕಲಸುವವನು ಫೋನಿನತ್ತ ಬಗ್ಗಿದ. ಕಷ್ಟಪಟ್ಟು ಮೂಗಿನಲ್ಲಿ ಉಸಿರೆಳೆದು, ಕಲಾವಿದರದೇ ದನಿಯಲ್ಲಿ, "ಆಯ್ತಮ್ಮ. ಅವನನ್ನ ತೆಗೆಯಲ್ಲ" ಅಂದ.

"ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ ಸರ್. ಹೊಟ್ಟೆ ತಣ್ಣಗಾಯ್ತು."

ಫೋನು ಕಟ್ಟಾಯಿತು. ಎದುರಿಗೆ ಚಹಾ ಕುಡಿಯುತ್ತಿದ್ದ ಕಲಾವಿದರು ಲೋಟವನ್ನು ಮೆಲ್ಲಗೆ ಕೆಳಗಿಟ್ಟರು.

"ಭೇಷ್! ಥೇಟ್ ನಾನೇ. ಆದ್ರೆ ನನ್ನನ್ನ ಒಂದು ಮಾತೂ ಕೇಳದೆ, ಅವಳಿಗೆ ಮಾತು ಕೊಟ್ಟುಬಿಟ್ಟೆಯಲ್ಲಯ್ಯಾ?"