ಪ್ರಹ್ಲಾದನ ಕೈ

ಸತ್ತ ಆಟಗಾರರ ಕೈಚಳಕ ತುಂಬಿದ ತೋಳುಪಟ್ಟಿಗಳು ಅಂಗಡಿಗೆ ಬಂದಮೇಲೆ ಬೆವರು ಸುರಿಸಿ ಬ್ಯಾಟಿಂಗ್ ಕಲಿಯುವವರೇ ಇರಲಿಲ್ಲ. ಪಟ್ಟಿ ಕಟ್ಟಿಕೊಂಡು ಬೀಗುವವರನ್ನು ಕಂಡರೆ ಅಶ್ವತ್ಥಯ್ಯನವರಿಗೆ ಅಸಹ್ಯ. ಆದರೂ ಚಿನ್ಮಯನಿಗೆ ತಿಂಗಳಿಂದ ಸ್ಪಿನ್ ಎಸೆಯುತ್ತಿದ್ದರು. ಅವನು ಕಟ್ಟಿಕೊಂಡಿದ್ದು ತೀರಿಹೋದ ಅವರ ಮಗ ಪ್ರಹ್ಲಾದನ ಪಟ್ಟಿ. ಆಡಲು ನಿಲ್ಲುವ ಮೊದಲು ಪಟ್ಟಿ ಕಟ್ಟಿದ ಆ ಕೈ ತಾನಾಗಿ ಗ್ಲೌಸ್ ಕಳಚಿ, ನೆಲ ಮುಟ್ಟಿ, ಎದೆಗೊತ್ತಿಕೊಳ್ಳುವುದನ್ನು ನೋಡಲೆಂದೇ ಅವರು ಬರುತ್ತಿದ್ದರು.

ಇಂದು ಕೈ ನೆಲ ಮುಟ್ಟಲಿಲ್ಲ. ಚೆಂಡು ತಿರುಗಿ ಸ್ಟಂಪ್ ಉರುಳಿಸಿತು. ಮತ್ತೆರಡು ಸಲವೂ ಅದೇ ಆಯಿತು.

"ಏನ್ ಸಾರ್ ಇದು?" ಚಿನ್ಮಯ ಸಿಡುಕಿದ. "ನಾಳೆ ಸೆಲೆಕ್ಷನ್ನು! ಆ ನಮಸ್ಕಾರದ ಚಾಳಿಗೆ ಎಲ್ಲಾ ನಗ್ತಿದ್ರು ಅಂತ ನಿನ್ನೆ ಅಂಗಡೀಲಿ ಅದನ್ನ ಪಟ್ಟಿಯಿಂದ ಅಳಿಸಿಹಾಕಿಸ್ದೆ, ಅಷ್ಟೇ."

ಅಶ್ವತ್ಥಯ್ಯನವರು ಚೆಂಡು ಹಿಡಿದೇ ಅವನ ಹತ್ತಿರ ಬಂದರು.

"ಮುಠ್ಠಾಳ! ಭೂಮಿತಾಯಿಗೆ ನಮಸ್ಕಾರ ಮಾಡ್ತಾನೇ ಪಿಚ್ ಎಷ್ಟು ಒದ್ದೆಯಿದೆ ಅಂತ ಬೆರಳಲ್ಲಿ ನೋಡ್ಕೋತಿದ್ದ ಅವನು. ಚೆಂಡು ಎಷ್ಟು ತಿರುಗುತ್ತೆ ಅಂತ ಅದರಿಂದ್ಲೇ ತಿಳೀತಿತ್ತು."

"ಈಗೇನ್ ಮಾಡ್ಲಿ?"

"ನೀನೇ ಬಗ್ಗಿ ಮುಟ್ಟಯ್ಯ. ನಿಂಗೂ ಸೊಂಟ ಇದೆಯಲ್ಲ."

"ಕೈ ಕೊಳೆಯಾಗುತ್ತೆ ಸಾರ್."

ಮುದುಕರು ತಾವೇ ಬಗ್ಗಿದರು. ನೆಲ ಮುಟ್ಟಿ ಎದೆಗೊತ್ತಿಕೊಂಡರು. ಕೊನೆಯ ಚೆಂಡೆಸೆದು, ಸ್ಟಂಪ್ ಉರುಳುವುದನ್ನು ನೋಡಲೂ ನಿಲ್ಲದೆ ಮನೆಗೆ ನಡೆದರು.